ಜೊತೆಯ ಚೀಟಿ

ನಮ್ಮ ಕಚೇರಿಯಲ್ಲಿ ಯಾರೂ ವಾಕ್ಯ ಹುಟ್ಟಿಸುವ ಹಾಗಿಲ್ಲ. ಇಂಗ್ಲಿಷ್ ಪದಗಳಿಗೆ ನಮ್ಮ ಭಾಷೆಯಲ್ಲಿ ಅರ್ಥ ಹೇಳುವ ನಿಘಂಟು ತಯಾರಾಗುವ ಕಚೇರಿ ಅದು. ಅರ್ಥ ಬರೆಯಲು ಬೇರೆಯವರಿದ್ದಾರೆ, ಓದಿದವರು, ಹನ್ನೊಂದಕ್ಕೆ ಬೆಳಗಾಗುವವರು. ಉದಾಹರಣೆ ತರುವುದು ನನ್ನ ಕೆಲಸ. ಪ್ರತಿ ಪದಕ್ಕೂ ಒಂದು ವಾಕ್ಯ ಬೇಕು, ಆ ವಾಕ್ಯವನ್ನು ಯಾರಾದರೂ ನಿಜವಾಗಿ ಆಡಿರಬೇಕು. ಅಂಗೈ ಅಗಲದ ಚೀಟಿಯಲ್ಲಿ ಐದು ಸಾಲು: ಇಂಗ್ಲಿಷ್ ಪದ, ಆಡಿದ ಮಾತು, ಆಡಿದವರು, ದಿನ, ಸಂದರ್ಭ. ಅಂದಿದ್ದನ್ನು ಅಂದ ಹಾಗೇ ಬರೆಯಬೇಕು.

ನನಗಿಂತ ಮೊದಲು ಈ ಮೇಜಿನಲ್ಲಿದ್ದವರು ಮನೆಯಲ್ಲೇ ಕೂತು ಚೀಟಿ ತುಂಬಿಸುತ್ತಿದ್ದರಂತೆ. 'ಹುಡುಗನು ಹಸುವನ್ನು ಕಂಬಕ್ಕೆ ಕಟ್ಟಿದನು' ಎಂಬ ಚೀಟಿ ಬಂದಾಗ ನಮ್ಮ ಮುಖ್ಯ ಸಂಪಾದಕರು, ನಾವೆಲ್ಲ ಮೇಡಂ ಎನ್ನುವವರು, ಅವರನ್ನು ಕರೆದು, "ಯಾವ ಹುಡುಗ? ಯಾರ ಹಸು? ಆ ಕಂಬ ಎಲ್ಲಿದೆ, ತೋರ್ಸಿ ಬನ್ನಿ, ನಾನೂ ನೋಡ್ಬೇಕು" ಎಂದರಂತೆ. ಅವರು ಕಂಬ ಹುಡುಕಲು ಹೋದವರು ವಾಪಸ್ ಬರಲೇ ಇಲ್ಲ.

ಚೀಟಿ ನಿಜವೋ ಸುಳ್ಳೋ ನೋಡಲು ಒಬ್ಬರಿದ್ದಾರೆ. ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದರು, ಈಗ ತಾಳೆ ನೋಡುತ್ತಾರೆ, ಹಾಗಾಗಿ ತಾಳೆ ಮೇಷ್ಟ್ರು. ಚೀಟಿಯಲ್ಲಿ ಬರೆದವರನ್ನು ಹುಡುಕಿಕೊಂಡು ಹೋಗಿ, "ನೀವು ಹೀಗಂದಿದ್ದು ಹೌದಾ?" ಎಂದು ಕೇಳಿ ಬರುವುದು ಅವರ ಕೆಲಸ. ಅಂಗಿಯ ಜೇಬಿನಲ್ಲಿ ಎರಡು ಪೆನ್ಸಿಲ್ ಇರುತ್ತವೆ. ಚಿಕ್ಕಪುಟ್ಟ ತಿದ್ದುಪಡಿಗೆ ನೀಲಿ, ಸುಳ್ಳು ಚೀಟಿಗೆ ಕೆಂಪು. ಎರಡು ಕೆಂಪು ಗೆರೆ ಬಿದ್ದರೆ ಮನೆಗೆ ಹೋಗಬೇಕು. ಒಂಬತ್ತು ವರ್ಷದಲ್ಲಿ ನನಗೆ ಒಂದೂ ಬಿದ್ದಿರಲಿಲ್ಲ. ಆ ಬಗ್ಗೆ ನನಗೆ ಜಂಬವೂ ಇತ್ತು, ಮುಚ್ಚಿಡುವುದೇಕೆ?

ನನ್ನನ್ನು ಎಲ್ಲರೂ ಚೀಟಿ ಅಕ್ಕ ಎನ್ನುತ್ತಾರೆ. ನನಗಿಂತ ಎಂಟು ವರ್ಷ ದೊಡ್ಡವರಾದ ಮೇಷ್ಟ್ರೂ ಅಕ್ಕಾ ಎಂದೇ ಕರೆಯುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಒಗ್ಗಿಹೋಯಿತು.

ನಮ್ಮ ನಿಘಂಟು ಅಕ್ಷರದ ಕ್ರಮದಲ್ಲಿ ಸಾಗುವುದಿಲ್ಲ, ವಿಷಯದ ಕ್ರಮದಲ್ಲಿ ಸಾಗುತ್ತದೆ. ಈ ಸಲ ನನ್ನ ಪಾಲಿಗೆ ಬಂದದ್ದು ಜೋಡಿಸುವ ಮತ್ತು ಜೊತೆಗೂಡುವ ಪದಗಳ ಅಧ್ಯಾಯ. ಜಾಯಿನ್, ಅಟ್ಯಾಚ್, ಲಿಂಕ್ ಎಂದು ಶುರುವಾಗಿ ಒಟ್ಟು ಮೂವತ್ತೊಂದು ಪದ. ವಸ್ತುವಿಗೆ ವಸ್ತು ಸೇರುವುದು ಮೊದಲರ್ಧ, ಮನುಷ್ಯರು ಒಬ್ಬರಿಗೊಬ್ಬರು ಜೊತೆಯಾಗುವುದು ಉಳಿದರ್ಧ.

ಮೊದಲರ್ಧ ನೀರು ಕುಡಿದಷ್ಟು ಸಲೀಸಾಗಿ ಮುಗಿಯಿತು. ಕೈಕೆಲಸದವರು ತಮ್ಮ ಕೆಲಸದ ಬಗ್ಗೆ ಕೇಳಿದರೆ ಸಾಕು, ಮಾತಿಗೆ ಬರವಿಲ್ಲ. ಗೇಟು ರಿಪೇರಿ ಮಾಡುವ ವೆಲ್ಡರ್ ಕಪ್ಪು ಕನ್ನಡಕ ಹಣೆಗೇರಿಸಿ, "ಎರಡೂ ಕಡೆ ತುಕ್ಕು ಉಜ್ಜಿದ್ರೇನೇ ಅಕ್ಕಾ ಕಬ್ಬಿಣ ಕಬ್ಬಿಣಕ್ಕೆ ಕೂಡೋದು. ಇಲ್ಲಾಂದ್ರೆ ಕೂಡಿರೋ ಹಾಗೆ ನಾಟಕ ಆಡುತ್ತೆ" ಎಂದ. ಜಾಯಿನ್ ಪದಕ್ಕೆ ಅದೇ ಆಯಿತು. ಟೈಲರ್ ಹೆಂಗಸು ಬಾಯಲ್ಲಿ ದಾರ ಕಚ್ಚಿಕೊಂಡೇ, "ಗುಂಡಿ ತೀರಾ ಬಿಗಿಯಾಗಿ ಹೊಲೀಬಾರ್ದು. ಬಟ್ಟೇನೇ ಕಿತ್ಕೊಂಡು ಬರುತ್ತೆ" ಎಂದಳು. ಅದು ಅಟ್ಯಾಚ್‌ಗೆ ಹೋಯಿತು. ಪರವಾನಗಿ ಕಚೇರಿಯ ಮೂರನೇ ಕೌಂಟರಿನ ಗುಮಾಸ್ತರು, "ಫೋಟೋ ಅಂಟ್ಸಿಲ್ಲ, ನಾಳೆ ಬನ್ನಿ" ಎಂದರು. ಅವರು ಮೂವತ್ತು ವರ್ಷದಿಂದ ಬೇರೇನನ್ನೂ ಹೇಳಿಲ್ಲವಾದ್ದರಿಂದ ತಾಳೆ ನೋಡಲು ಮೇಷ್ಟ್ರಿಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ.

ಎರಡನೆಯ ಅರ್ಧವೂ ಒಂದು ಮಟ್ಟಕ್ಕೆ ಸಾಗಿತು. ಅಸೋಸಿಯೇಟ್ ಪದಕ್ಕೆ ಟೀ ಅಂಗಡಿಯವರು, "ಅವನ ಸಹವಾಸ ಬಿಟ್ಟೆ ನೋಡಿ, ತಲೆನೋವೂ ಬಿಡ್ತು" ಎಂಬ ಒಳ್ಳೆಯ ಮಾತು ಕೊಟ್ಟರು. ಕೀಪ್ ಕಂಪನಿ ಎಂಬುದಕ್ಕೆ ಪಾರ್ಕಿನ ಬೆಂಚಿನ ಅಜ್ಜಿ, ಪಕ್ಕದ ಇನ್ನೊಂದು ಅಜ್ಜಿಯನ್ನು ತೋರಿಸಿ, "ಮಾತೇನೂ ಇಲ್ಲಮ್ಮ ನಮ್ದು, ಎಲ್ಲಾ ಮುಗ್ದೋಯ್ತು. ಸುಮ್ನೆ ಜೊತೇಲಿ ಕೂತಿರ್ತೀವಿ" ಎಂದರು. ಮೂವತ್ತು ಚೀಟಿ ಕೂಡಿದವು. ಉಳಿದದ್ದು ಒಂದು ಪದ, ಅಕಂಪನಿ. ಒಬ್ಬರ ಜೊತೆಗೆ ಇನ್ನೊಬ್ಬರು ಹೋಗುವುದು, ಅಷ್ಟೇ ಅರ್ಥ.

ಹುಡುಕಿದ್ದರೆ ಸಿಗುತ್ತಿರಲಿಲ್ಲವೇ? ಖಂಡಿತ ಸಿಗುತ್ತಿತ್ತು. ಬಸ್ ಸ್ಟಾಪಿನಲ್ಲಿ ಹತ್ತು ನಿಮಿಷ ನಿಂತರೆ, "ಇರು, ನಾನೂ ಬರ್ತೀನಿ" ಎನ್ನುವವರು ನಾಲ್ಕು ಜನ ಸಿಗುತ್ತಾರೆ. ಆದರೆ ಆ ಮಾತನ್ನು ಯಾರೋ ಯಾರಿಗೋ ಹೇಳುವುದನ್ನು ಪಕ್ಕದಲ್ಲಿ ನಿಂತು ಬರೆದುಕೊಳ್ಳುವುದು ಆ ದಿನಗಳಲ್ಲಿ ನನ್ನಿಂದ ಆಗುವ ಕೆಲಸವಾಗಿರಲಿಲ್ಲ.

ವಿಷಯ ಏನೆಂದರೆ, ನನ್ನ ಎಡಗಣ್ಣು ಹೋಗಿ ಬಹಳ ವರ್ಷವಾಗಿದೆ. ಬೆಳಕು ಕತ್ತಲೆ ಬಿಟ್ಟರೆ ಅದಕ್ಕೆ ಬೇರೇನೂ ಗೊತ್ತಾಗುವುದಿಲ್ಲ. ನಾನು ಬದುಕುತ್ತಿರುವುದು ಬಲಗಣ್ಣಿನಿಂದ, ಅದಕ್ಕೂ ಈಗ ಪೊರೆ ಬಂದಿತ್ತು. ಹಾಲು ಬೆರೆಸಿದ ನೀರಿನಲ್ಲಿ ನೋಡಿದ ಹಾಗೆ ಎಲ್ಲವೂ ಮಂಜುಮಂಜು. ಚೀಟಿಯನ್ನು ಮೂಗಿಗೆ ತಾಗಿಸಿ ಓದುತ್ತಿದ್ದೆ. ಯಾರಾದರೂ ನೋಡಿದರೆ ಕಾಗದ ಮೂಸುವ ಚಟ ಎಂದುಕೊಳ್ಳಲಿ ಎಂದು ಬಿಟ್ಟಿದ್ದೆ. ಕಣ್ಣಿಲ್ಲದ ಚೀಟಿ ಅಕ್ಕನನ್ನು ಯಾವ ನಿಘಂಟು ಇಟ್ಟುಕೊಳ್ಳುತ್ತದೆ?

ಎರಡು ವಾರದ ಹಿಂದೆ ಒಮ್ಮೆ ಆಪರೇಷನ್ನಿಗೆ ದಿನ ಕೊಟ್ಟಿದ್ದರು. ಬೆಳಿಗ್ಗೆ ಏಳಕ್ಕೇ ಹೋಗಿ ಕೂತೆ. ನರ್ಸ್ ಫಾರಂ ತುಂಬಿಸುತ್ತಾ, "ಜೊತೆಗೆ ಯಾರು ಬಂದಿದಾರೆ?" ಎಂದಳು.

"ಹೊರಗಿದಾರೆ" ಎಂದೆ. ಹುಟ್ಟಿದಾಗಿನಿಂದ ಇಷ್ಟು ಸರಾಗವಾಗಿ ನಾನು ಸುಳ್ಳು ಹೇಳಿರಲಿಲ್ಲ.

ಆ ಹುಡುಗಿ ಬಾಗಿಲು ತೆರೆದು ಕಾರಿಡಾರಿಗೆ ನನ್ನ ನಂಬರ್ ಕೂಗಿ, "ಹದಿನಾಲ್ಕರ ಜೊತೆ ಬಂದಿರೋರು ಯಾರು?" ಎಂದಳು. ಮೂರು ಸಲ ಕೂಗಿದಳು. ಬೆಂಚುಗಳ ಮೇಲಿದ್ದ ನಲವತ್ತು ಜನ ಅತ್ತಿತ್ತ ನೋಡಿದರು. ಒಬ್ಬ ಮನುಷ್ಯ ತಬ್ಬಿಬ್ಬಾಗಿ ಅರ್ಧ ಎದ್ದು, ತಾನು ಹದಿನೈದರ ಕಡೆಯವನು ಎಂದು ನೆನಪಾಗಿ ಮತ್ತೆ ಕೂತ.

"ಇರೋದೇ ಒಂದು ಕಣ್ಣು ನಿಮಗೆ. ಅದನ್ನ ಮುಚ್ಚಿ ಪಟ್ಟಿ ಹಾಕ್ತೀವಿ. ನಾಳೆ ಬೆಳಿಗ್ಗೆವರೆಗೂ ನಿಮಗೆ ಏನೂ ಕಾಣ್ಸಲ್ಲ. ಒಬ್ರೇ ಹೆಂಗೆ ಹೋಗ್ತೀರಾ?" ಎಂದರು ಡಾಕ್ಟರು. ಅವರು ಗದರಲಿಲ್ಲ, ಗದರಿದ್ದರೆ ವಾಸಿಯಿತ್ತು. ಮುಂದಿನ ಗುರುವಾರ ಬಿಟ್ಟು ಅದರ ಮುಂದಿನ ಗುರುವಾರಕ್ಕೆ ದಿನ ಬದಲಿಸಿ, "ಇದು ತಪ್ಪಿದ್ರೆ ಆಮೇಲೆ ನಾಲ್ಕು ತಿಂಗಳು ಜಾಗ ಇಲ್ಲ. ಅಷ್ಟ್ರಲ್ಲಿ ಪೊರೆ ಗಟ್ಟಿ ಆದ್ರೆ ಕೆಲಸ ಕಷ್ಟ ಆಗುತ್ತೆ" ಎಂದು ಹೇಳಿ ಕಳಿಸಿದರು.

ಈಗ ನನ್ನ ಸ್ವಭಾವದ ಬಗ್ಗೆ ಒಂದು ಮಾತು ಹೇಳಬೇಕು. ತಂಗಿಯ ಮೂರೂ ಹೆರಿಗೆಗೆ ಆಸ್ಪತ್ರೆಯಲ್ಲಿ ಕೂತವಳು ನಾನು. ತಮ್ಮ ಕಾಲು ಮುರಿದುಕೊಂಡಾಗ ಆರು ವಾರ ಅವನನ್ನು ಎಬ್ಬಿಸಿ ಕೂರಿಸಿದವಳು ನಾನು. ಅಣ್ಣನ ಮಗಳ ಪರೀಕ್ಷೆಗೆ, ಪಕ್ಕದ ಮನೆಯವರ ಹಲ್ಲು ಕೀಳಿಸುವುದಕ್ಕೆ, ಯಾರ ಜೊತೆ ಹೋಗಿಲ್ಲ ನಾನು? ಆದರೆ 'ನನ್ನ ಜೊತೆ ಬಾ' ಎಂದು ಬಾಯಿಬಿಟ್ಟು ಕೇಳು ಎಂದರೆ ನನ್ನ ನಾಲಿಗೆ ಹೊರಳುವುದಿಲ್ಲ. ಇದಕ್ಕೆ ಸ್ವಾಭಿಮಾನ ಎಂದು ದೊಡ್ಡ ಹೆಸರು ಇಟ್ಟುಕೊಂಡಿದ್ದೆ.

ತಮ್ಮನಿಗೆ ಫೋನ್ ಮಾಡಿದೆ. "ಗುರುವಾರ ಕಣ್ಣಿಂದು ಆಪರೇಷನ್ ಇದೆ ಕಣೋ" ಎಂದು ಹೇಳಿ ಸುಮ್ಮನಾದೆ. ಅವನು ಹೇಳಬೇಕಾದದ್ದು ನಾಲ್ಕೇ ಮಾತು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಅನ್ನುತ್ತಾರಲ್ಲ, ಹಾಗೆ ಕಾದೆ.

"ಹೌದಾ ಅಕ್ಕಾ? ಈಗೆಲ್ಲಾ ಕಣ್ಣಿಂದು ಏನೇನೂ ಅಲ್ವಂತೆ, ಕಾಲು ಗಂಟೆ ಕೆಲಸ ಅಂತೆ. ಹುಷಾರಾಗಿ ಹೋಗ್ಬಾ. ಮುಗಿದ ಮೇಲೆ ಒಂದು ಫೋನ್ ಮಾಡು" ಎಂದ.

"ಆಯ್ತಪ್ಪ" ಎಂದೆ. ಅವನ ತಪ್ಪಿಲ್ಲ. ಐವತ್ತನಾಲ್ಕು ವರ್ಷದಿಂದ ನನಗೇನೂ ಬೇಡ, ನನಗೆಲ್ಲಾ ಆಗುತ್ತದೆ ಎಂದು ನಾನೇ ಎಲ್ಲರನ್ನೂ ನಂಬಿಸಿದ್ದೆ. ನಂಬಿದವರನ್ನು ಬೈದು ಏನು ಪ್ರಯೋಜನ? ತಂಗಿಗೂ ಹೀಗೇ ಹೇಳಿ ಹೀಗೇ ಸುಮ್ಮನಾದೆ. ಅವಳು ಮೂರು ಮಕ್ಕಳ ಸುದ್ದಿಯನ್ನು ಸರದಿಯ ಪ್ರಕಾರ ಹೇಳಿ ಫೋನ್ ಇಟ್ಟಳು.

ಬುಧವಾರ ಬಂತು. ಸಂಜೆ ಅಧ್ಯಾಯ ಅಚ್ಚಿಗೆ ಹೋಗಬೇಕು, ಅಕಂಪನಿಯ ಖಾನೆ ಖಾಲಿ. ಮಾರನೆಯ ದಿನ ಆಸ್ಪತ್ರೆ, ಅಲ್ಲೂ ಜೊತೆಯವರ ಹೆಸರಿನ ಜಾಗ ಖಾಲಿ. ನಾನು ಮೇಜಿನ ಮುಂದೆ ಕೂತು ಒಂದು ಚೀಟಿ ತೆಗೆದುಕೊಂಡೆ. ಆ ಗಳಿಗೆಯಲ್ಲಿ ನನಗೆ ಬುದ್ಧಿ ನೆಟ್ಟಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬುದ್ಧಿ ಬೇಕಾದ್ದಕ್ಕಿಂತ ಹೆಚ್ಚೇ ಕೆಲಸ ಮಾಡುತ್ತಿತ್ತು.

ನಮ್ಮಲ್ಲಿ ಒಂದು ಪದ್ಧತಿಯಿದೆ. ತಾನಾಡಿದ ಮಾತಿನ ಚೀಟಿಯನ್ನು ತಾನೇ ತಾಳೆ ನೋಡುವ ಹಾಗಿಲ್ಲ. ಮೇಷ್ಟ್ರು ಆಡಿದ್ದು ಎಂದು ಬರೆದರೆ ಚೀಟಿ ಅವರ ಕೈಗೆ ಹೋಗುವುದಿಲ್ಲ, ನೇರವಾಗಿ ಮೇಡಂ ಹತ್ತಿರ ಹೋಗುತ್ತದೆ. ಮೇಷ್ಟ್ರ ಹೆಸರಿದ್ದರೆ ಮೇಡಂ ಎರಡನೆಯ ಸಲ ನೋಡದೆ ಸಹಿ ಹಾಕುತ್ತಾರೆ. ಅಂಥ ಚೀಟಿಗಳು ವರ್ಷಕ್ಕೆ ಎರಡೋ ಮೂರೋ ಹಾಗೆ ದಾಟಿಹೋಗುವುದನ್ನು ನಾನೇ ನೋಡಿದ್ದೆ.

ಬರೆದೆ. ಪದ: ಅಕಂಪನಿ. ಮಾತು: 'ನೀವೊಬ್ಬರೇ ಯಾಕೆ ಹೋಗ್ತೀರಿ, ನಿಮ್ಮ ಜೊತೆ ನಾನು ಬರ್ತೀನಿ.' ಆಡಿದವರು: ತಾಳೆ ಮೇಷ್ಟ್ರು, ಕಿಟಕಿ ಪಕ್ಕದ ಮೇಜು. ದಿನ: ಮಂಗಳವಾರ. ಸಂದರ್ಭ ಎಂಬಲ್ಲಿ ಪೆನ್ನು ನಿಂತಿತು. ಸಂದರ್ಭವನ್ನೂ ಹುಟ್ಟಿಸಬಹುದಿತ್ತು. ಮಾರುಕಟ್ಟೆಗೋ ಬ್ಯಾಂಕಿಗೋ ಎಂದು ಗೀಚಿದ್ದರೆ ಮುಗಿಯುತ್ತಿತ್ತು. ಕೈ ಮಾತ್ರ 'ಚೀಟಿ ಅಕ್ಕ ಗುರುವಾರ ಕಣ್ಣಿನ ಆಪರೇಷನ್ನಿಗೆ ಹೋಗುವ ವಿಷಯ ಬಂದಾಗ' ಎಂದು ಬರೆಯಿತು. ಒಂಬತ್ತು ವರ್ಷದ ಅಭ್ಯಾಸ, ಪೂರ್ತಿ ಸುಳ್ಳು ಬರೆಯಲು ಅದಕ್ಕೆ ಬರುತ್ತಿರಲಿಲ್ಲ.

ಚೀಟಿಯನ್ನು ಮೇಡಂ ಟ್ರೇಯಲ್ಲಿ ಹಾಕಿ ಬಂದು ಕೂತೆ. ಒಬ್ಬರ ಬಾಯಿಗೆ ಅವರಾಡದ ಮಾತು ತುರುಕಿದೆ ಎಂಬ ನಾಚಿಕೆ ಒಂದು ಕಡೆ. ಕಾಗದದ ಮೇಲಾದರೂ ಯಾರೋ ನನಗೆ ಆ ಮಾತು ಹೇಳಿದರಲ್ಲ ಎಂಬ ಹುಚ್ಚು ಸಮಾಧಾನ ಇನ್ನೊಂದು ಕಡೆ. ಟೀ ತರಿಸಿಕೊಂಡೆ, ಕುಡಿಯಲಿಲ್ಲ.

ಹನ್ನೆರಡಕ್ಕೆ ಸ್ವಲ್ಪ ಮುಂಚೆ ಮೇಡಂ ಕೋಣೆಯಿಂದ ಹೊರಗೆ ಬಂದರು. ಕೈಯಲ್ಲಿ ಆ ಚೀಟಿ.

"ಮೇಷ್ಟ್ರೇ, ಇದು ನಿಮ್ಮ ಮಾತಾ?" ಎಂದು ಅವರ ಮೇಜಿನ ಮೇಲಿಟ್ಟರು. "ಸಹಿ ಹಾಕ್ತಾ ಇದ್ದೆ, ಸಂದರ್ಭ ಓದ್ದೆ. ಇವರಿಗೆ ಆಪರೇಷನ್ ಅನ್ನೋದು ನನಗೇ ಗೊತ್ತಿಲ್ಲ. ನಿಮಗೆ ಹೇಳಿದಾರಾ?"

ಅರ್ಥ ಬರೆಯುವ ಓದಿದವರೆಲ್ಲ ತಲೆ ಎತ್ತಿದರು. ಆ ದಿನ ನೋಡಿ, ಎಲ್ಲರೂ ಸಮಯಕ್ಕೆ ಸರಿಯಾಗಿ ಬಂದಿದ್ದರು.

ಮೇಷ್ಟ್ರು ಚೀಟಿಯನ್ನು ಓದಿದರು. ಅವರು ಓದುವುದು ಯಾವಾಗಲೂ ನಿಧಾನ. ಆವತ್ತು ಐದು ಸಾಲಿಗೆ ಐದು ವರ್ಷ ತೆಗೆದುಕೊಂಡರು. ಆಮೇಲೆ ಜೇಬಿಗೆ ಕೈ ಹಾಕಿದರು. ಮಸುಕುಗಣ್ಣಿಗೆ ಯಾವ ಪೆನ್ಸಿಲ್ ಎಂದು ಕಾಣಿಸಲಿಲ್ಲ. ಗೆರೆ ಎಳೆದ ಸದ್ದು ಕೇಳಿಸಿತು, ಈ ತುದಿಯಿಂದ ಆ ತುದಿಗೆ.

"ಮಂಗಳವಾರ ನಾನು ಹೀಗಂದಿಲ್ಲ ಮೇಡಂ. ಸುಳ್ಳು ಚೀಟಿ" ಎಂದರು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನನ್ನ ಬ್ಯಾಗು ಎಲ್ಲಿದೆ ಎಂದು ಕೈಯಲ್ಲೇ ತಡಕಿದೆ. ಎದ್ದು ಹೋಗಿಬಿಡುವುದು ಎಂದು ತೀರ್ಮಾನಿಸಿದ್ದೆ, ಆದರೆ ಬಾಗಿಲಿಗೆ ಹೋಗಲು ಮೇಷ್ಟ್ರ ಮೇಜನ್ನೇ ದಾಟಬೇಕಿತ್ತು. ಅಷ್ಟರಲ್ಲಿ ಅವರೇ ಎದ್ದು ನನ್ನ ಮೇಜಿನ ಹತ್ತಿರ ಬಂದರು. ಕುರ್ಚಿ ಎಳೆದುಕೊಂಡು ಕೂತರು.

"ಆರು ತಿಂಗಳಿಂದ ನಿಮ್ಮ ಚೀಟಿ ನೋಡ್ತಾ ಇದೀನಿ" ಎಂದರು, ಮೆಲ್ಲಗೆ. "ಅಕ್ಷರ ದಪ್ಪ ಆಗ್ತಾನೇ ಇದೆ. ಮೊದಲು ಸಾಲಿಗೆ ಎಂಟು ಪದ ಹಿಡೀತಿತ್ತು, ಈಗ ನಾಲ್ಕು. ನೀವಾಗೇ ಹೇಳ್ತೀರೇನೋ ಅಂತ ಕಾದೆ."

"ನೀವು ಕೇಳ್ಬಹುದಿತ್ತು" ಎಂದೆ. ತಪ್ಪು ಮಾಡಿದವಳು ನಾನು, ಜೋರೂ ನನ್ನದೇ.

"ಕೇಳಿದ್ರೆ ಕಚ್ಚಿಬಿಡ್ತೀರಿ ಅಂತ ಭಯ."

ಯಾರೋ ನಕ್ಕರು. ಮೇಡಂ ಆ ಕಡೆ ತಿರುಗಿ ನೋಡಿದ್ದಕ್ಕೆ ನಗು ನಿಂತಿತು.

"ಎಷ್ಟು ಗಂಟೆಗೆ ನಾಳೆ?" ಎಂದರು ಮೇಷ್ಟ್ರು.

"ಏಳಕ್ಕೆ."

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಮತ್ತೆ ಹಾಕಿಕೊಂಡು, ನನ್ನ ಮುಖವನ್ನೇ ನೋಡಿ, "ಒಬ್ರೇ ಹೋಗ್ಬೇಡಿ ಅಕ್ಕಾ. ಆರೂವರೆಗೆ ನಿಮ್ಮ ಮನೆ ಹತ್ರ ಬರ್ತೀನಿ, ಒಟ್ಟಿಗೆ ಹೋಗೋಣ" ಎಂದರು. ಆಮೇಲೆ, "ಬರ್ಕೊಳ್ಳಿ. ಬುಧವಾರ, ಹನ್ನೆರಡು ಗಂಟೆ. ಅಂದಿದ್ದು ಅಂದ ಹಾಗೆ" ಎಂದರು.

ನಾನು ಹೊಸ ಚೀಟಿ ತೆಗೆದುಕೊಂಡೆ. ಪೊರೆಯ ಮೇಲೆ ನೀರು ಬೇರೆ ತುಂಬಿದ್ದರಿಂದ ಗೆರೆ ಯಾವುದು, ಮೇಜು ಯಾವುದು ಏನೂ ತಿಳಿಯಲಿಲ್ಲ. ಅಂದಾಜಿನ ಮೇಲೆ ಬರೆದೆ. ಸಾಲು ಬೆಟ್ಟ ಹತ್ತಿ ಇಳಿಯಿತು. ಮೂಗು ಒರೆಸಿಕೊಳ್ಳಲು ಎರಡು ಸಲ ನಿಲ್ಲಿಸಬೇಕಾಯಿತು, ಮೇಷ್ಟ್ರು ಕಿಟಕಿ ನೋಡುತ್ತಾ ಕೂತಿದ್ದರು. ಮೇಡಂ ಆ ಚೀಟಿಯನ್ನು ತೆಗೆದುಕೊಂಡು, "ಇದನ್ನ ನಾನೇ ಕಿವಿಯಾರೆ ಕೇಳಿದೀನಿ" ಎಂದು ನಿಂತಲ್ಲೇ ಸಹಿ ಹಾಕಿದರು. ಕೆಂಪು ಗೆರೆಯದನ್ನು ಮಡಿಚಿ ಡ್ರಾಯರಿಗೆ ಹಾಕಿದರು. "ಅದು ಹಾಗೇ ಇರುತ್ತೆ. ಇನ್ನೊಂದು ಬಿದ್ರೆ ಮನೆಗೆ. ಮೊದ್ಲು ಕಣ್ಣು ಸರಿ ಮಾಡಿಸ್ಕೊಂಡು ಬನ್ನಿ" ಎಂದರು.

ಗುರುವಾರ ಮೇಷ್ಟ್ರು ಆರೂವರೆಗೆ ಬರುತ್ತೇನೆಂದವರು ಆರಕ್ಕೇ ಬಂದು, ಒಳಗೆ ಕರೆದರೂ ಬರದೆ, ಅರ್ಧ ಗಂಟೆ ರಸ್ತೆಯಲ್ಲಿ ನಿಂತಿದ್ದರು. ಆರೂವರೆ ಎಂದಮೇಲೆ ಆರೂವರೆಯೇ. ಆಸ್ಪತ್ರೆಯಲ್ಲಿ ಅದೇ ನರ್ಸ್ ಇದ್ದಳು. ನನ್ನನ್ನು ನೋಡಿ ಗುರುತು ಹಿಡಿದಳು, ಪಾಪ, ಪ್ರಶ್ನೆ ಕೇಳಲು ಅವಳಿಗೇ ಸಂಕೋಚ.

"ಜೊತೆಗೆ..." ಎಂದಳು.

ನಾನು ಪಕ್ಕಕ್ಕೆ ಕೈ ತೋರಿಸಿದೆ.

"ಇವರು ನಿಮಗೆ ಏನಾಗ್ಬೇಕು?"

ಒಂಬತ್ತು ವರ್ಷ ಪದಗಳ ನಡುವೆಯೇ ಬದುಕಿದವಳಿಗೆ ಒಂದು ಪದ ಸಿಗಲಿಲ್ಲ. ಅಣ್ಣ ಎನ್ನೋಣವೆಂದರೆ ಅಲ್ಲ, ನೆಂಟರು ಎನ್ನೋಣವೆಂದರೆ ಅದೂ ಅಲ್ಲ. ಸುಳ್ಳು ಬರೆಸಿದರೆ ಪಕ್ಕದಲ್ಲೇ ಕೆಂಪು ಪೆನ್ಸಿಲ್ ಕೂತಿದೆ. "ಜೊತೆ ಕೆಲಸ ಮಾಡೋರು" ಎಂದು ಮೇಷ್ಟ್ರೇ ಹೇಳಿದರು. ಅವಳು ಬರೆದುಕೊಂಡಳು. ಬರೆದದ್ದು ಸರಿಯಿದೆಯೇ ಎಂದು ಮೇಷ್ಟ್ರು ಬಗ್ಗಿ ನೋಡಿದರು.

ಆಪರೇಷನ್ ಮುಗಿದು ಬಲಗಣ್ಣಿಗೆ ಪಟ್ಟಿ ಕಟ್ಟಿ ನನ್ನನ್ನು ಮಂಚದ ಮೇಲೆ ಮಲಗಿಸಿದ್ದರು. ಎಡಗಣ್ಣಿಗೆ ಪರದೆಯ ಬಿಳಿ ಬೆಳಕು ಮಾತ್ರ ಗೊತ್ತಾಗುತ್ತಿತ್ತು. ಆ ಪರದೆಯ ಆಚೆ ನರ್ಸ್ ಯಾರಿಗೋ ಹೇಳುತ್ತಿದ್ದಳು. "ಇನ್ನೂ ಎರಡು ಗಂಟೆ ಬಿಡಲ್ಲ ಸಾರ್, ಇವರಿಗೇನೂ ತೊಂದ್ರೆ ಇಲ್ಲ. ನೀವು ಹೋಗಿ ಊಟ ಮಾಡ್ಕೊಂಡು ಆರಾಮಾಗಿ ಬನ್ನಿ."

"ಇಲ್ಲಮ್ಮ. ಒಟ್ಟಿಗೆ ಅಂತ ಹೇಳಿದೀನಿ" ಎಂದರು ಮೇಷ್ಟ್ರು. "ಬರವಣಿಗೇಲೂ ಇದೆ. ತಾಳೆ ಆಗ್ಬೇಕಲ್ಲ."

ಕುರ್ಚಿ ಎಳೆದ ಸದ್ದಾಯಿತು. ಅವರು ಕೂತರು. ನಾನು ಕೈ ಚಾಚಿ ಪರದೆಯನ್ನು ಸ್ವಲ್ಪ ಸರಿಸಿದೆ, ನೋಡುವುದಕ್ಕಲ್ಲ, ನನಗೇನೂ ಕಾಣುತ್ತಿರಲಿಲ್ಲ.

"ಮೇಷ್ಟ್ರೇ, ಇಲ್ಲೇ ಕೂತಿರಿ" ಎಂದೆ. ನಾನಾಗಿ ನಾನು ಕೇಳಿದ್ದು ಅದೇ ಮೊದಲು.

"ಇಲ್ಲೇ ಇದೀನಿ ಅಕ್ಕಾ" ಎಂದು ಅವರು ಕುರ್ಚಿಯನ್ನು ಈಚೆಗೆ ತಂದು ಹಾಕಿಕೊಂಡರು.